ತೂಬು ತೆರೆದರೆ ಬ್ಯಾಸ್, ಮುಚ್ಚಿದರೆ ಉಪ್ಪು

ಮೀನಿನ ವಿಷಯಕ್ಕೆ ಬರುವ ಮೊದಲು ಒಂದು ತೂಬಿನ ವಿಷಯ ಹೇಳಬೇಕು. ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ, ನ್ಯೂ ಆರ್ಲಿಯನ್ಸ್ ನಗರದಿಂದ ಸ್ವಲ್ಪ ಕೆಳಗೆ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಕಾರ್ನಾರ್ವನ್ ಎಂಬ ಜಾಗವಿದೆ. ಅಲ್ಲಿ ನದಿಯ ಏರಿಯನ್ನು ಕೊರೆದು, ಹದಿನೈದು ಅಡಿ ಚೌಕದ ಐದು ಕಿಂಡಿಗಳನ್ನು ಕೂರಿಸಿ, ಅವಕ್ಕೆ ಬಾಗಿಲು ಹಾಕಿದ್ದಾರೆ. 1991ರಲ್ಲಿ ಅದು ಕೆಲಸ ಶುರು ಮಾಡಿತು. ಬಾಗಿಲು ಪೂರ್ತಿ ಎತ್ತಿದರೆ 8,000 ಕ್ಯೂಸೆಕ್ ನೀರು ನದಿಯಿಂದ ಜವುಗಿಗೆ ಇಳಿಯುತ್ತದೆ. ಕ್ಯೂಸೆಕ್ ಎಂದರೆ ಏನೆಂದು ಕಾವೇರಿ ಸುದ್ದಿ ಕೇಳುತ್ತ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಬಾಗಿಲು ಎಷ್ಟು ಎತ್ತಿದೆ ಎಂಬುದರ ಮೇಲೆ ಮೂವತ್ತು ಕಿಲೋಮೀಟರ್ ಆಚೆ ಗಾಳಕ್ಕೆ ಯಾವ ಮೀನು ಬೀಳುತ್ತದೆ ಎನ್ನುವುದು ನಿಂತಿದೆ. ಇವತ್ತು ಹೇಳಲಿಕ್ಕಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಬ್ಯಾಸ್ ಎಂದರೆ ಇಲ್ಲಿ ಲಾರ್ಜ್‌ಮೌತ್ ಬ್ಯಾಸ್, ಅಗಲ ಬಾಯಿಯ ಸಿಹಿನೀರಿನ ಬೇಟೆ ಮೀನು. ನಮ್ಮ ಕೆರೆಯ ಕೊರಮೀನನ್ನು ನೋಡಿದವರಿಗೆ ಇದರ ಸ್ವಭಾವ ಅರ್ಥವಾಗುತ್ತದೆ. ಎರಡೂ ಬೇರೆ ಬೇರೆ ಕುಲದವು, ಬುದ್ಧಿ ಮಾತ್ರ ಒಂದೇ ಥರ. ಜೊಂಡಿನ ನೆರಳಲ್ಲಿ ಅಲ್ಲಾಡದೆ ನಿಂತಿರುತ್ತದೆ, ಹತ್ತಿರ ಬಂದದ್ದಕ್ಕೆ ಒಮ್ಮೆಲೇ ಬಾಯಿ ಹಾಕುತ್ತದೆ. ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಕುಪ್ಪಳಿಸಿದರೆ ಎರಡೂ ಮೋಸಹೋಗುತ್ತವೆ. ವ್ಯತ್ಯಾಸವಿರುವುದು ಉಸಿರಿನಲ್ಲಿ. ಕೊರಮೀನು ಮೇಲೆ ಬಂದು ಗಾಳಿ ನುಂಗಿ ಬದುಕಿಕೊಳ್ಳುತ್ತದೆ, ಬ್ಯಾಸ್‌ಗೆ ನೀರಿನಲ್ಲಿ ಕರಗಿದ ಆಮ್ಲಜನಕವೇ ಗತಿ. ಈ ವಿಷಯ ಮುಂದೆ ಚಂಡಮಾರುತದ ಹತ್ತಿರ ಬಂದಾಗ ಬೇಕಾಗುತ್ತದೆ.

ಇನ್ನು ಉಪ್ಪು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬ್ಯಾಸ್‌ಗೆ ನೆಮ್ಮದಿಯಿರುವುದು ನಾಲ್ಕೈದು ಗ್ರಾಮಿನ ಒಳಗೆ. ಅದನ್ನು ದಾಟಿದರೆ ದೊಡ್ಡ ಮೀನು ಕೆಲಕಾಲ ತಡೆದುಕೊಂಡೀತು, ಮೊಟ್ಟೆ ಮರಿಗಳಿಗೆ ಆಗುವುದಿಲ್ಲ. ಹಾಗಾಗಿ ಕರಾವಳಿಯ ಜವುಗಿನಲ್ಲಿ ಬ್ಯಾಸ್ ಇರುವ ಜಾಗಕ್ಕೆ ಒಂದು ಗೆರೆ ಇದೆ, ಆ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ. ಅಘನಾಶಿನಿ ಕಡೆಯ ಗಜನಿ ಗದ್ದೆಯವರಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಕಗ್ಗ ಭತ್ತ, ಬೇಸಿಗೆಯಲ್ಲಿ ಉಪ್ಪು ಒಳಬಂದಾಗ ಸಿಗಡಿ. ಲೂಯಿಸಿಯಾನದ್ದು ಅದೇ ಲೆಕ್ಕ, ಅಳತೆ ಮಾತ್ರ ಸಾವಿರಪಟ್ಟು ದೊಡ್ಡದು.

ಈ ಜವುಗನ್ನು ಕಟ್ಟಿದ್ದೇ ನದಿ. ಪ್ರತಿವರ್ಷ ಮಿಸಿಸಿಪ್ಪಿ ದಡ ಮೀರಿ ಹರಿದು, ಕೆಸರು ಚೆಲ್ಲಿ, ಮೇಲೊಂದು ಸಿಹಿನೀರಿನ ಪದರ ಬಿಟ್ಟುಹೋಗುತ್ತಿತ್ತು. 1927ರ ಮಹಾಪೂರದ ನಂತರ ನದಿಗೆ ಎರಡೂ ಕಡೆ ಎತ್ತರದ ಏರಿ ಬಂತು, ಕೆಸರೆಲ್ಲ ನೇರ ಆಳ ಸಮುದ್ರಕ್ಕೆ ಹೋಯಿತು. ಆ ಪೂರದಲ್ಲಿ ನ್ಯೂ ಆರ್ಲಿಯನ್ಸ್ ಉಳಿಯಲಿ ಎಂದು ಏಪ್ರಿಲ್ 29ರಂದು ಡೈನಮೈಟ್ ಇಟ್ಟು ಏರಿ ಸಿಡಿಸಿದ್ದು ಇದೇ ಕಾರ್ನಾರ್ವನ್‌ನಲ್ಲಿ. ಕೆಳಗಿನ ಹಳ್ಳಿಗಳು ಮುಳುಗಿದವು. ಅಂದು ಸಿಡಿಸಿದ ಜಾಗದ ಬಳಿಯೇ ಅರವತ್ತನಾಲ್ಕು ವರ್ಷಗಳ ನಂತರ, ಸರಕಾರದ ದುಡ್ಡಿನಲ್ಲಿ, ಬಾಗಿಲು ಇಟ್ಟರು.

ಏರಿ ನದಿಯನ್ನು ಕಟ್ಟಿಹಾಕಿದ್ದು ಒಂದು ಕಡೆಯಾದರೆ, ತೈಲ ಕಂಪನಿಗಳು ಬಾವಿಗೆ ದಾರಿ ಬೇಕೆಂದು ತೋಡಿದ ಕಾಲುವೆಗಳು ಇನ್ನೊಂದು ಕಡೆ. ಎಲ್ಲ ಸೇರಿಸಿದರೆ ಸುಮಾರು ಹದಿನಾರು ಸಾವಿರ ಕಿಲೋಮೀಟರ್ ಎನ್ನುತ್ತಾರೆ. ಕಾಲುವೆ ನೇರವಾಗಿರುವುದರಿಂದ ಸಮುದ್ರದ ಉಪ್ಪು ಅದರಲ್ಲಿ ಸಲೀಸಾಗಿ ಮೇಲೇರುತ್ತದೆ. ತೋಡಿದ ಮಣ್ಣು ದಡದಲ್ಲಿ ಗುಡ್ಡೆಯಾಗಿ ಬಿದ್ದು, ಒಳಗಿನ ನೀರು ಹೊರಹೋಗದೆ ಹುಲ್ಲು ಕೊಳೆಯುತ್ತದೆ. ಮೇಲೆ ನ್ಯೂಟ್ರಿಯಾ ಬೇರೆ. ತುಪ್ಪಟಕ್ಕಾಗಿ 1930ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ತಂದ ಹೆಗ್ಗಣದಂಥ ಪ್ರಾಣಿ ಅದು, ಹುಲ್ಲನ್ನು ಬೇರು ಸಮೇತ ತಿನ್ನುತ್ತದೆ. ಈಗ ಸರಕಾರ ಬಾಲವೊಂದಕ್ಕೆ ಆರು ಡಾಲರ್ ಕೊಟ್ಟು ಕೊಲ್ಲಿಸುತ್ತದೆ. 1932ರಿಂದ 2016ರವರೆಗೆ ಕರಾವಳಿ ಲೂಯಿಸಿಯಾನ ಕಳೆದುಕೊಂಡ ನೆಲ 4,800 ಚದರ ಕಿಲೋಮೀಟರಿಗೂ ಹೆಚ್ಚು ಎಂದು ಅಮೆರಿಕದ ಭೂವಿಜ್ಞಾನ ಇಲಾಖೆ ಲೆಕ್ಕ ಹಾಕಿದೆ. ಇದ್ದ ನೆಲದಲ್ಲಿ ನಾಲ್ಕರಲ್ಲೊಂದು ಭಾಗ.

ಇದರಲ್ಲಿ ಒಂದು ತಮಾಷೆ ಇದೆ. ಜವುಗು ಒಡೆಯುವ ಮೊದಲ ವರ್ಷಗಳಲ್ಲಿ ಮೀನು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಒಂದೇ ಹಾಸಾಗಿದ್ದ ಹುಲ್ಲು ಚೂರಾದಾಗ ಅಂಚುಗಳು ಹೆಚ್ಚುತ್ತವೆ, ಸಿಗಡಿ ಏಡಿ ಸಣ್ಣಮೀನು ಬದುಕುವುದೇ ಅಂಚಿನಲ್ಲಿ. ಗಾಳ ಹಾಕುವವರಿಗೆ ಸುಗ್ಗಿ. ಆ ಚೂರುಗಳೂ ಕರಗಿ ಬಯಲು ನೀರಾದ ಮೇಲೆ ಅಂಚೂ ಇಲ್ಲ, ಮೀನೂ ಇಲ್ಲ. ಹಾಗಾಗಿ ‘ಮೀನು ಚೆನ್ನಾಗಿ ಸಿಗುತ್ತಿದೆ, ಜವುಗು ಚೆನ್ನಾಗಿದೆ’ ಎಂಬ ಮಾತನ್ನು ಅಲ್ಲಿ ನಂಬಬಾರದು.

ಈಗ ಗಾಳದ ಹಳೆಯ ಕಾಲಕ್ಕೆ ಬರೋಣ. ಮೊದಲು ಅಲ್ಲಿ ಓಡಾಡುತ್ತಿದ್ದುದು ಪಿರೋಗ್ ಎಂಬ ಚಪ್ಪಟೆ ದೋಣಿ, ಕೈಯಲ್ಲಿ ಉದ್ದನೆಯ ಜಲ್ಲೆ. ತುಪ್ಪಟದ ಬೇಟೆಗಾರರು ದೋಣಿ ದಾಟುವಷ್ಟೇ ಅಗಲಕ್ಕೆ ಹುಲ್ಲು ಕಡಿದು ತೋಡಿದ ಕಿರುಗಾಲುವೆಗಳಿಗೆ ಟ್ರೆನಾಸ್ ಎಂದು ಹೆಸರು. ಬಿದಿರ ಕೋಲು, ಬೆಂಡು, ಗಾಳಕ್ಕೆ ಜೀವಂತ ಸಣ್ಣಮೀನು. ಹಿಡಿದದ್ದನ್ನು ತಿನ್ನುವುದು. ಅಷ್ಟೇ ಮೀನುಗಾರಿಕೆ.

ಎರಡು ಸಂಗತಿಗಳು ಇದನ್ನು ಬದಲಿಸಿದವು. ಒಂದು, 1949ರ ಹೊತ್ತಿಗೆ ಒಹಾಯೊದಲ್ಲಿ ನಿಕ್ ಕ್ರೀಮ್ ಎನ್ನುವವರು ಮಾಡಿದ ಮೆತ್ತನೆ ಪ್ಲಾಸ್ಟಿಕ್ ಎರೆಹುಳು. ಇದರಲ್ಲಿ ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸಿಡಬಹುದು, ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ಜವುಗಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಇನ್ನೊಂದು, ಸ್ಪರ್ಧೆ. ರೇ ಸ್ಕಾಟ್ ಎನ್ನುವವರು 1967ರಲ್ಲಿ ಆರ್ಕನ್ಸಾದಲ್ಲಿ ಮೊದಲ ಪಂದ್ಯ ನಡೆಸಿ, ಮರುವರ್ಷ ಬಾಸ್ (B.A.S.S.) ಎಂಬ ಬ್ಯಾಸ್ ಗಾಳಗಾರರ ಸಂಘ ಕಟ್ಟಿದರು. 1972ರಿಂದ ತೂಕ ಹಾಕಿದ ಮೀನನ್ನು ಜೀವಂತ ಬಿಡುವ ಪದ್ಧತಿಯನ್ನು ಜಾರಿಗೆ ತಂದರು. ದಿನಕ್ಕೆ ಐದು ಮೀನು, ಒಟ್ಟು ತೂಕಕ್ಕೆ ಬಹುಮಾನ, ಆಮೇಲೆ ನೀರಿಗೆ. ಊಟಕ್ಕೆ ಹಿಡಿಯುತ್ತಿದ್ದುದು ತೂಕಕ್ಕೆ ಹಿಡಿಯುವ ಆಟವಾಯಿತು.

ತೂಕದ ಆಟದಲ್ಲಿ ಲೂಯಿಸಿಯಾನ ಜವುಗಿಗೆ ಮೊದಲು ಅಂಥ ಮರ್ಯಾದೆ ಇರಲಿಲ್ಲ. ಇಲ್ಲಿನ ಬ್ಯಾಸ್ ಏಡಿ ಸಿಗಡಿ ತಿಂದು ಮೊಟುಕಾಗಿ, ಹೊಟ್ಟೆ ಉಬ್ಬಿಕೊಂಡು ಬೆಳೆಯುತ್ತದೆ. ಎಣಿಕೆ ಬೇಕಾದಷ್ಟು, ಒಂದೊಂದರ ತೂಕ ಸಾಮಾನ್ಯವಾಗಿ ಅರ್ಧದಿಂದ ಒಂದು ಕಿಲೋ. ಆಮೇಲೆ ಕಾರ್ನಾರ್ವನ್ ತೂಬು ಬಂತು. ಅದನ್ನು ಕಟ್ಟಿದ್ದು ಬ್ಯಾಸ್‌ಗಾಗಿ ಅಲ್ಲ, ಉಪ್ಪನ್ನು ಹಿಂದಕ್ಕೆ ತಳ್ಳಲು. ಉಪ್ಪು ಸರಿಯಿತು, ನೀರೊಳಗೆ ಹುಲ್ಲು ಹಬ್ಬಿತು, ಡೆಲಕ್ರಾ ಊರಿನ ಸುತ್ತಲ ಕೊಳಗಳಲ್ಲಿ ಬ್ಯಾಸ್ ತುಂಬಿಕೊಂಡಿತು. ಅದೇ ನೀರಿನಲ್ಲಿ ಸಿಂಪಿ ಸಾಕಿದವರ ಬಾಳು ಹಾಳಾಯಿತು, ಸಿಂಪಿಗೆ ಉಪ್ಪು ಬೇಕು. ಅವರು ಕೋರ್ಟಿಗೆ ಹೋದರು. ಕೆಳಗಿನ ನ್ಯಾಯಾಲಯ ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರ ಕೊಡಿಸಿತು, 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಬ್ಯಾಸ್ ಹಿಡಿಯುವವರು ಈ ಜಗಳದ ವಿಷಯ ಮಾತಾಡುವುದು ಕಡಿಮೆ, ಯಾಕೆಂದರೆ ಅವರದು ಗೆದ್ದ ಪಕ್ಷ.

2002ರಲ್ಲಿ ನದಿಯ ಇನ್ನೊಂದು ದಂಡೆಯಲ್ಲಿ ಡೇವಿಸ್ ಪಾಂಡ್ ತೂಬು ತೆರೆಯಿತು, ಸಾಮರ್ಥ್ಯ 10,650 ಕ್ಯೂಸೆಕ್. ಅದರ ನೀರು ಬಂದು ಬೀಳುವುದು ಕಟವಾಚಿ ಎಂಬ ಕೆರೆಗೆ. ಒಂಬತ್ತು ವರ್ಷದ ನಂತರ, 2011ರ ಫೆಬ್ರವರಿಯಲ್ಲಿ, ಬ್ಯಾಸ್ ಲೋಕದ ಅತಿ ದೊಡ್ಡ ಪಂದ್ಯ ಬಾಸ್‌ಮಾಸ್ಟರ್ ಕ್ಲಾಸಿಕ್ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದಾಗ ಕೆವಿನ್ ವ್ಯಾನ್‌ಡ್ಯಾಮ್ ಗೆದ್ದದ್ದು ಆ ಕೆರೆಯ ಪಕ್ಕದ ಟ್ಯಾಂಕ್ ಪಾಂಡ್ ಕೊಳಗಳಲ್ಲಿ. ಮೂರು ದಿನ, ಹದಿನೈದು ಮೀನು, 69 ಪೌಂಡ್ 11 ಔನ್ಸ್. ಅಂದರೆ ಸುಮಾರು 31.6 ಕಿಲೋ, ಮೀನಿಗೆ ಎರಡು ಕಿಲೋ ಮೇಲೆ. ದಿನಕ್ಕೆ ಐದು ಮೀನಿನ ಲೆಕ್ಕದಲ್ಲಿ 2025ರವರೆಗೆ ಅದೇ ಆ ಪಂದ್ಯದ ದಾಖಲೆಯಾಗಿತ್ತು. ಹತ್ತು ವರ್ಷ ಮೊದಲು, 2001ರಲ್ಲಿ, ಇದೇ ಊರಿನ ಪಂದ್ಯವನ್ನು ಅವರೇ ಗೆದ್ದಾಗ ಮೂರು ದಿನದ ತೂಕ 32 ಪೌಂಡ್ 5 ಔನ್ಸ್ ಇತ್ತು. ಮನುಷ್ಯ ಅವನೇ. ಋತು ಬೇರೆ, 2001ರದ್ದು ಸುಡುಬೇಸಿಗೆ, ಅದನ್ನು ಲೆಕ್ಕದಿಂದ ಬಿಡಬಾರದು. ಆದರೂ ಈ ಎರಡು ಅಂಕಿಗಳ ನಡುವೆ ಡೇವಿಸ್ ಪಾಂಡಿನ ಸಿಹಿನೀರು ಹರಿದಿದೆ. ಗೆಲ್ಲಿಸಿದ ಉಪಕರಣವೂ ಅಗ್ಗದ್ದೇ: ಚೌಕ ಮೂತಿಯ ಕ್ರ್ಯಾಂಕ್‌ಬೇಟ್, ಎಳೆದಾಗ ತೊನೆಯುತ್ತ ಮುಳುಗುವ ಗಟ್ಟಿ ನಕಲಿ ಮೀನು. ನೀರೊಳಗಿನ ಮರದ ಮೊಟ್ಟುಗಳಿಗೆ ಅದನ್ನು ಬೇಕೆಂದೇ ಡಿಕ್ಕಿ ಹೊಡೆಸಿ, ಅದು ಪಕ್ಕಕ್ಕೆ ಚಿಮ್ಮಿದ ಕ್ಷಣಕ್ಕೆ ಮೀನು ಬಾಯಿ ಹಾಕುವಂತೆ ಮಾಡುವ ವಿದ್ಯೆ ಅದು.

ನಡುವೆ 2005 ಬಂದುಹೋಯಿತು. ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ, ಸೆಪ್ಟೆಂಬರಿನಲ್ಲಿ ರೀಟಾ. ಎರಡೂ ಸೇರಿ ಸುಮಾರು 560 ಚದರ ಕಿಲೋಮೀಟರ್ ನೆಲವನ್ನು ನೀರು ಮಾಡಿದವು. ಡೆಲಕ್ರಾ ಸುತ್ತಲ ಜವುಗು ಚಾಪೆ ಸುತ್ತಿದಂತೆ ಸುತ್ತಿಕೊಂಡು ಬಂದು ಗುಡ್ಡೆಯಾಗಿ ಬಿತ್ತು. ನದಿನೀರಿನಲ್ಲಿ ಸುಖವಾಗಿ ಬೆಳೆದ ಹುಲ್ಲಿನ ಬೇರು ಆಳಕ್ಕೆ ಇಳಿದಿರಲಿಲ್ಲವೇ, ತೂಬಿನ ನೀರೇ ಅದನ್ನು ದುರ್ಬಲ ಮಾಡಿತೇ ಎಂದು ವಿಜ್ಞಾನಿಗಳಲ್ಲಿ ಜಗಳ ನಡೆದಿದೆ. ಅದೇ ತೂಬಿನ ಬಾಯಲ್ಲಿ, ಬಿಗ್ ಮಾರ್ ಎಂಬ ಕೊಳದಲ್ಲಿ, ಆಮೇಲೆ ಹೊಸ ಮಣ್ಣು ಕೂತು ಗಿಡ ಎದ್ದಿರುವುದೂ ನಿಜ.

ಚಂಡಮಾರುತ ಬ್ಯಾಸನ್ನು ಎರಡು ಬಗೆಯಲ್ಲಿ ಕೊಲ್ಲುತ್ತದೆ. ಸಮುದ್ರದ ಉಪ್ಪು ಒಳನುಗ್ಗಿ ವಾರಗಟ್ಟಲೆ ನಿಂತುಬಿಡುವುದು ಒಂದು. ಅದಕ್ಕಿಂತ ವೇಗವಾದದ್ದು ಇನ್ನೊಂದು: ಕಿತ್ತ ಹುಲ್ಲು, ಎಲೆ, ತಳದ ಕೊಳಚೆ ಎಲ್ಲ ನೀರಿಗೆ ಬೆರೆತು ಕೊಳೆಯತೊಡಗಿ, ಎರಡು ಮೂರು ದಿನದಲ್ಲಿ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ನೀರು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿ ನಾರುತ್ತದೆ. ಗಾಳಿ ನುಂಗುವ ಗಾರ್ ಮೀನು ಉಳಿಯುತ್ತದೆ, ಬ್ಯಾಸ್ ತೇಲುತ್ತದೆ. ಆದರೆ ಜವುಗು ಉಳಿದಿದ್ದು ಸಿಹಿನೀರು ಮರಳಿದರೆ ಎರಡು ಮೂರು ವರ್ಷದಲ್ಲಿ ಮತ್ತೆ ಹಿಡಿಯುವಷ್ಟು ಮೀನಾಗುತ್ತದೆ. ಬಿರುಗಾಳಿಯನ್ನು ಮೀನು ಮರೆಯುತ್ತದೆ, ನೆಲ ಮರೆಯುವುದಿಲ್ಲ.

ಉಪ್ಪಿನ ಗೆರೆ ಇನ್ನೊಂದು ಕಡೆಯೂ ಸರಿಯಿತು. ಹಡಗುಗಳಿಗೆಂದು 1960ರ ದಶಕದಲ್ಲಿ ತೋಡಿದ್ದ ಮಿಸಿಸಿಪ್ಪಿ ರಿವರ್ ಗಲ್ಫ್ ಔಟ್‌ಲೆಟ್ ಎಂಬ ದೊಡ್ಡ ಕಾಲುವೆಗೆ 2009ರಲ್ಲಿ ಕಲ್ಲಿನ ಅಡ್ಡಗಟ್ಟೆ ಹಾಕಿದರು. ಅದರ ಹಿಂದಿನ ನೀರಿನಲ್ಲಿ ಉಪ್ಪು ಇಳಿಯಿತು. ನದಿಯ ಪೂರ್ವದಂಡೆಯಲ್ಲಿ, ಏರಿ ಇಲ್ಲದ ಭಾಗದಲ್ಲಿ, 2012ರ ಹೊತ್ತಿಗೆ ನದಿಯೇ ದಡ ಕೊರೆದು ಹೊಸ ದಾರಿ ಮಾಡಿಕೊಂಡಿತು. ಅದಕ್ಕೆ ಮಾರ್ಡಿ ಗ್ರಾ ಪಾಸ್ ಎಂದು ಹೆಸರು.

ಇಷ್ಟೆಲ್ಲ ಸರಿದಾಡುವ ನೀರಿನಲ್ಲಿ ‘ಹೋದವರ್ಷ ಇಲ್ಲಿ ಸಿಕ್ಕಿತ್ತು’ ಎಂಬ ನೆನಪು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಬಲ್ಲವರು ಮೊದಲು ಗಿಡ ನೋಡುತ್ತಾರೆ. ತಾವರೆ, ಆಪು, ಅಂತರಗಂಗೆ ಕಂಡರೆ ಸಿಹಿನೀರು. ನೀರೊಳಗೆ ದಾರದಂತೆ ಸಣ್ಣೆಲೆಯ ವಿಜನ್ ಹುಲ್ಲು ಮಾತ್ರ ಇದ್ದರೆ ಸವುಳು, ಬ್ಯಾಸೂ ಸಿಗಬಹುದು, ಅದೇ ಎರೆಗೆ ಸಮುದ್ರದ ರೆಡ್‌ಫಿಶ್ಶೂ ಸಿಗಬಹುದು. ಆಮೇಲೆ ಕಂಬ ನೋಡುತ್ತಾರೆ. ಕಾಲುವೆ ಬಾಯಿಯ ಮರದ ಕಂಬಕ್ಕೆ ಕೈಯಾಡಿಸಿ, ನೀರಿನ ಮಟ್ಟದ ಕೆಳಗೆ ಬಾರ್ನಕಲ್ ಚಿಪ್ಪು ಹರಿತವಾಗಿ ತಾಕಿದರೆ ಅಲ್ಲಿ ತಿಂಗಳುಗಟ್ಟಲೆ ಉಪ್ಪು ನಿಂತಿದೆ ಎಂದರ್ಥ. ಚಿಪ್ಪು ಖಾಲಿಯಾಗಿದ್ದು ಒತ್ತಿದರೆ ಪುಡಿಯಾದರೆ, ಉಪ್ಪು ಬಂದು ಹೋಗಿದೆ. ಈ ಒಂದು ಪರೀಕ್ಷೆ ಅರ್ಧ ದಿನದ ಪೆಟ್ರೋಲ್ ಉಳಿಸುತ್ತದೆ.

ಮುಂದಿನದು ನೀರಿನ ಏರಿಳಿತ. ನಮ್ಮ ಕಾರವಾರ, ಮಂಗಳೂರು ಕಡೆ ದಿನಕ್ಕೆ ಎರಡು ಭರತ, ಎರಡು ಇಳಿತ, ಎತ್ತರ ಒಂದೂವರೆ ಎರಡು ಮೀಟರ್. ಅಲ್ಲಿ ಹೆಚ್ಚಾಗಿ ದಿನಕ್ಕೆ ಒಂದೇ ಭರತ, ಒಂದೇ ಇಳಿತ, ಎತ್ತರ ಒಂದಡಿಯ ಆಸುಪಾಸು. ಒಂದಡಿ ಎಂದು ನಗಬೇಡಿ. ಕೊಳದ ಆಳವೇ ಎರಡಡಿ. ಇಳಿತದಲ್ಲಿ ಕೊಳದ ನೀರು ಟ್ರೆನಾಸಿನ ಬಾಯಲ್ಲಿ ಹೊರಗೆ ಹರಿಯುತ್ತದೆ, ಜೊತೆಗೆ ಸಿಗಡಿ, ಸಣ್ಣಮೀನು. ಬ್ಯಾಸ್ ಆ ಬಾಯಿಯ ಪಕ್ಕದಲ್ಲಿ ತಲೆಯನ್ನು ಹರಿವಿಗೆ ಕೊಟ್ಟು ನಿಂತಿರುತ್ತದೆ. ಆದ್ದರಿಂದ ದೋಣಿ ಹೊರಗಿನ ಕಾಲುವೆಯಲ್ಲೇ ಇರಬೇಕು, ಬಾಯಿಗಿಂತ ಮೂವತ್ತು ನಲವತ್ತಡಿ ದೂರ. ಎರೆಯನ್ನು ಟ್ರೆನಾಸಿನ ಒಳಗೆ ಹತ್ತಡಿ ಎಸೆದು, ನೀರಿನ ವೇಗಕ್ಕೇ ಹೊರಗೆ ತರಬೇಕು. ಹರಿವಿಗೆ ಎದುರಾಗಿ ಈಜುವ ಸಣ್ಣಮೀನನ್ನು ಬ್ಯಾಸ್ ಅಲ್ಲಿ ನೋಡಿರುವುದೇ ಅಪರೂಪ.

ತಪ್ಪಾಗುವುದು ಎಲ್ಲಿ? ಇಳಿತದ ಹೊತ್ತಿಗೆ ಕೊಳದ ಒಳಗೆ ನುಗ್ಗುವುದರಲ್ಲಿ. ಚಳಿಗಾಲದಲ್ಲಿ ಶೀತಮಾರುತ ದಾಟಿದ ಮೇಲೆ ಉತ್ತರದ ಗಾಳಿ ಎರಡು ಮೂರು ದಿನ ಬೀಸಿ, ಪಂಚಾಂಗದ ಇಳಿತಕ್ಕಿಂತ ಇನ್ನೂ ಒಂದೆರಡಡಿ ನೀರನ್ನು ಸಮುದ್ರಕ್ಕೆ ನೂಕುತ್ತದೆ. ಒಳಗಿದ್ದ ದೋಣಿ ಕೆಸರಿನ ಮೇಲೆ ಕೂರುತ್ತದೆ. ಹೊರಗೆ ಬರಲೆಂದು ಔಟ್‌ಬೋರ್ಡ್ ಎಂಜಿನ್ ಓಡಿಸಿದರೆ ಅದು ತಂಪಿಗೆಂದು ಎಳೆದುಕೊಳ್ಳುವ ನೀರಿನ ಬದಲು ಕೆಸರು ಎಳೆದುಕೊಂಡು, ಪಂಪಿನ ರಬ್ಬರ್ ಚಕ್ರ ಸವೆದು, ಎಂಜಿನ್ ಕಾಯ್ದು ನಿಲ್ಲುತ್ತದೆ. ಗಾಳಿ ತಿರುಗುವವರೆಗೆ ಕಾಯುವುದೇ ಗತಿ. ಅಂಥ ದಿನಗಳಲ್ಲಿ ಮೀನೂ ಕೊಳದಲ್ಲಿ ಇರುವುದಿಲ್ಲ, ಆರೆಂಟು ಅಡಿ ಆಳವಿರುವ ತೈಲ ಕಾಲುವೆಯ ಕುರುಡು ತುದಿಗೆ ಹೋಗಿ ಸೇರಿರುತ್ತದೆ. ಜವುಗು ಕೆಡಿಸಿದ ಅದೇ ಕಾಲುವೆ ಚಳಿಯಲ್ಲಿ ಬ್ಯಾಸ್‌ಗೆ ಆಸರೆ.

ಜೊಂಡಿನ ಮಾತು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಅಂತರಗಂಗೆ ನ್ಯೂ ಆರ್ಲಿಯನ್ಸಿಗೆ ಬಂದದ್ದು 1884ರ ಹತ್ತಿ ವಸ್ತುಪ್ರದರ್ಶನದ ಕಾಲದಲ್ಲಿ, ಚೆಂದದ ಹೂವೆಂದು, ಎಂದು ಹೇಳುವ ರೂಢಿ. ಬೆಂಗಳೂರಿನ ಕೆರೆ ನೋಡಿದವರು ಮುಂದಿನದನ್ನು ಊಹಿಸಬಲ್ಲರು. ಊಹಿಸಲಾರದ್ದು ಒಂದಿದೆ: 1910ರಲ್ಲಿ ಲೂಯಿಸಿಯಾನದ ಸಂಸದ ರಾಬರ್ಟ್ ಬ್ರೂಸಾರ್ಡ್, ಆಫ್ರಿಕದಿಂದ ನೀರಾನೆ ತಂದು ಬಿಟ್ಟರೆ ಜೊಂಡು ತಿನ್ನುತ್ತದೆ, ಜನರಿಗೆ ಮಾಂಸವೂ ಆಗುತ್ತದೆ ಎಂದು ಸಂಸತ್ತಿನಲ್ಲಿ ಮಸೂದೆಯನ್ನೇ ಮಂಡಿಸಿದ್ದರು. ಪಾಸಾಗಲಿಲ್ಲ. ಆಗಿದ್ದರೆ ಈ ಉಪನ್ಯಾಸದ ವಿಷಯವೇ ಬೇರೆ ಇರುತ್ತಿತ್ತು.

1998ರಲ್ಲಿ ಟೆಕ್ಸಸ್ ಗಡಿಯ ಟೊಲೆಡೊ ಬೆಂಡ್ ಜಲಾಶಯದಲ್ಲಿ ಸಾಲ್ವೀನಿಯಾ ಕಾಣಿಸಿತು. ಬೇಸಿಗೆಯಲ್ಲಿ ವಾರದಲ್ಲೇ ಇಮ್ಮಡಿಯಾಗಬಲ್ಲ ಜರೀಗಿಡ ಅದು. ಅದನ್ನು ತಿನ್ನುವ ಮೂತಿಹುಳುವಿಗೂ ಬೆಂಗಳೂರಿಗೂ ಸಂಬಂಧವಿದೆ. 1983-84ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆಸ್ಟ್ರೇಲಿಯಾದಿಂದ ತರಿಸಿದ ಆ ಹುಳುವನ್ನು ಬೆಂಗಳೂರಿನ ಒಂದು ತಾವರೆಕೊಳಕ್ಕೆ ಬಿಟ್ಟು, ವರ್ಷದೊಳಗೆ ಕೊಳ ಬಿಡಿಸಿದ್ದರು. ಲೂಯಿಸಿಯಾನದಲ್ಲೂ ಇದೇ ಹುಳು ಬಳಸುತ್ತಾರೆ, ಆದರೆ ಹಿಮ ಬಿದ್ದ ಚಳಿಗಾಲಕ್ಕೆ ಹುಳು ಸಾಯುತ್ತದೆ, ಗಿಡ ಚಿಗುರುತ್ತದೆ. ಪ್ರತಿವರ್ಷ ಮತ್ತೆ ಬಿಡಬೇಕು.

ಹೀಗೆ ಮುಚ್ಚಿದ ನೀರಿನಲ್ಲಿ ಹುಟ್ಟಿದ್ದು ‘ಪಂಚಿಂಗ್’, ಜೊಂಡು ತೂತು ಮಾಡಿ ಗಾಳ ಇಳಿಸುವುದು. ಏಳೂವರೆಯಿಂದ ಎಂಟಡಿಯ ಗಟ್ಟಿ ರಾಡ್, 65 ಪೌಂಡ್ ಎಳೆತ ತಡೆಯುವ ಬ್ರೇಡ್ ಎಂಬ ಹೆಣೆದ ದಾರ, 28ರಿಂದ 42 ಗ್ರಾಮಿನ ಟಂಗ್‌ಸ್ಟನ್ ಗುಂಡು. ಸೀಸವಾದರೆ ಅದೇ ತೂಕಕ್ಕೆ ಗಾತ್ರ ದೊಡ್ಡದು, ಜೊಂಡಲ್ಲಿ ಸಿಕ್ಕಿಕೊಳ್ಳುತ್ತದೆ. ಗುಂಡಿನ ಮೇಲೆ ದಾರದಲ್ಲಿ ರಬ್ಬರ್ ತಡೆ ಕಡ್ಡಾಯ. ಅದಿಲ್ಲದಿದ್ದರೆ ಗುಂಡು ತಳಕ್ಕೆ ಹೋಗುತ್ತದೆ, ಎರೆ ಜೊಂಡಿನ ಮೇಲೇ ಕೂರುತ್ತದೆ. ಹೊಸಬರು ಒಂದು ಗಂಟೆ ಹೀಗೆ ಹಾಕಿ ಮೀನಿಲ್ಲ ಎನ್ನುತ್ತಾರೆ. ಗಾಳ ನೇರ ಕಡ್ಡಿಯ, 4/0 ಅಳತೆಯ, ದಪ್ಪ ತಂತಿಯದು. ತೆಳು ಗಾಳವಾದರೆ ಬ್ರೇಡಿನ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಎರೆ ಗಿಡ್ಡ, ಕೈಕಾಲು ಕಡಿಮೆ ಇರುವುದು. ಹತ್ತು ಹದಿನೈದಡಿ ದೂರದಿಂದ ಮೇಲಕ್ಕೆ ಎತ್ತಿ ಬಿಟ್ಟು, ತಳ ಮುಟ್ಟಿದ ಮೇಲೆ ಎರಡು ಸಲ ಎತ್ತಿ ಇಳಿಸಿ, ಏನೂ ಆಗದಿದ್ದರೆ ತೆಗೆದು ಮುಂದೆ. ಮೀನು ಕಚ್ಚುವುದು ಬಹುಪಾಲು ಬೀಳುವಾಗಲೇ. ದಾರ ಎಷ್ಟಿಳಿಯಬೇಕೋ ಅಷ್ಟಿಳಿಯುವ ಮೊದಲೇ ನಿಂತರೆ ಅದೇ ಕಚ್ಚು, ಎಳೆಯಬೇಕು. ಸಿಕ್ಕಮೇಲೆ ಆಡಿಸಲು ಹೋಗಬಾರದು, ಬಂದ ತೂತಿನಿಂದಲೇ ಮೇಲೆತ್ತಬೇಕು.

ರಬ್ಬರ್ ಕಪ್ಪೆಯದು ಇದಕ್ಕೆ ತದ್ವಿರುದ್ಧ. ನೀರು ಚಿಮ್ಮಿದ ಕೂಡಲೇ ಎಳೆದರೆ ಕಪ್ಪೆ ಬರುತ್ತದೆ, ಮೀನು ಬರುವುದಿಲ್ಲ. ರಾಡ್ ತುದಿಗೆ ಭಾರ ತಾಕುವವರೆಗೆ ತಡೆಯಬೇಕು.

ಯಂತ್ರಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಕೆಸರಲ್ಲೂ ಓಡುವ ಮಡ್‌ಮೋಟರ್, ನೀರಿಗೆ ಸದ್ದಿಲ್ಲದೆ ಗೂಟ ಇಳಿಸಿ ದೋಣಿ ನಿಲ್ಲಿಸುವ ಉಪಕರಣ, ಇವೆರಡು ಜವುಗಿನಲ್ಲಿ ನಿಜವಾಗಿ ಕೆಲಸ ಬದಲಿಸಿದವು. ಗೂಟ ಬರುವ ಮೊದಲು ಗಾಳಿ ದೋಣಿಯನ್ನು ಮೀನಿನ ಮೇಲೇ ತಂದು ನಿಲ್ಲಿಸುತ್ತಿತ್ತು. ಉಳಿದ ಕೆರೆಗಳಲ್ಲಿ ಈಗ ದೊಡ್ಡ ರಾದ್ಧಾಂತವಾಗಿರುವ, ಎದುರಿನ ಮೀನನ್ನು ಪರದೆಯ ಮೇಲೆ ತೋರಿಸುವ ಸೋನಾರ್, ಎರಡಡಿ ನೀರು ಮತ್ತು ಜೊಂಡಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಅಷ್ಟರ ಮಟ್ಟಿಗೆ ಜವುಗು ಬಚಾವು.

ಕೊನೆಯದಾಗಿ ಒಂದು ವಿಚಿತ್ರ. ನೆಲ ಮುಳುಗಿ ನೀರಾದರೂ ಮಾಲೀಕರು ಕಾಗದದ ಹಕ್ಕು ಬಿಟ್ಟಿಲ್ಲ. ಅಲ್ಲಿ ಈಗ ದೋಣಿ ಓಡಿಸಿದರೆ ಅತಿಕ್ರಮಣ ಎನ್ನುತ್ತಾರೆ, ಕಾಲುವೆಗೆ ಸರಪಳಿ ಕಟ್ಟುತ್ತಾರೆ. ಬಯಲು ನೀರಿನಲ್ಲಿ ಯಾರ ಗಡಿ ಎಲ್ಲಿ ಎಂದು ಗೆರೆ ಕಾಣುವುದಿಲ್ಲ. ಇದೇ ಕಾರಣಕ್ಕೆ ಬಾಸ್ ಸಂಸ್ಥೆ ಲೂಯಿಸಿಯಾನದ ಉಬ್ಬರವಿಳಿತದ ನೀರಿನಲ್ಲಿ ಇನ್ನು ದೊಡ್ಡ ಪಂದ್ಯ ನಡೆಸುವುದಿಲ್ಲ ಎಂದು 2017ರಲ್ಲಿ ಹೇಳಿತು. ಇತ್ತ 75,000 ಕ್ಯೂಸೆಕ್ ಬಿಡಲು ಯೋಜಿಸಿ, 2023ರಲ್ಲಿ ಗುದ್ದಲಿ ಪೂಜೆಯೂ ಆಗಿದ್ದ ಮಿಡ್-ಬಾರಟೇರಿಯಾ ತೂಬನ್ನು ರಾಜ್ಯ ಸರಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಸಿಂಪಿ, ಸಿಗಡಿಯವರು ನಿಟ್ಟುಸಿರುಬಿಟ್ಟರು. ಬ್ಯಾಸ್‌ನವರ ಗೆರೆ ಹಿಂದಿನ ಜಾಗದಲ್ಲೇ ಉಳಿಯಿತು.

‘ಹೋಗುವುದಾದರೆ ಯಾವಾಗ?’ ಎಂದು ಯಾರೋ ಚೀಟಿ ಕಳಿಸಿದ್ದಾರೆ. ನದಿಯ ತುದಿಯ ವೆನಿಸ್ ಊರಿನ ಕಡೆಗಾದರೆ ಅಕ್ಟೋಬರ್, ನವೆಂಬರ್. ಹೊರಡುವ ಮೊದಲು ನ್ಯೂ ಆರ್ಲಿಯನ್ಸಿನ ಕ್ಯಾರಲ್ಟನ್ ಮಾಪಕದಲ್ಲಿ ನದಿ ಎಷ್ಟಿದೆ ನೋಡಿ. ಐದಡಿಯ ಕೆಳಗಿದ್ದರೆ ಒಳ್ಳೆಯದು, ಕೆಸರು ನೀರು ಜವುಗಿಗೆ ನುಗ್ಗಿರುವುದಿಲ್ಲ, ರೋಸೋ ಎಂಬ ಲಾಳದ ಹುಲ್ಲಿನ ನಡುವೆ ಸೋಸಿ ಬಂದ ನೀರು ತಿಳಿಯಾಗಿರುತ್ತದೆ. ತೀರ ಇಳಿದು ಬಹಳ ದಿನವಾಗಿದ್ದರೆ ಸಮುದ್ರವೇ ನದಿಯೊಳಗೆ ಏರಿರುತ್ತದೆ, 2023ರಲ್ಲಿ ಏರಿದಂತೆ. ಆಗ ಡೆಲಕ್ರಾ ಅಥವಾ ಕಟವಾಚಿ ಕಡೆ ಹೋಗಿ. ರೋಸೋ ಹುಲ್ಲಿನ ರಸವನ್ನು 2016ರ ಈಚೆಗೆ ಒಂದು ಶಲ್ಕಕೀಟ ಹೀರುತ್ತಿದೆ, ಹಳೆಯ ನಕ್ಷೆಯಲ್ಲಿ ಹುಲ್ಲಿನ ಗೋಡೆ ಇದ್ದ ಕಡೆ ಬಯಲು ಸಿಕ್ಕೀತು. ಉತ್ತರದ ಗಾಳಿ ಬೀಸಿ ಎರಡನೆಯ ದಿನವಾಗಿದ್ದರೆ ಕೊಳಕ್ಕೆ ಇಳಿಯಬೇಡಿ, ಕಾಲುವೆಯಲ್ಲೇ ಇರಿ. ಮೊದಲು ಸಿಕ್ಕ ಕಂಬಕ್ಕೆ ಕೈಯಾಡಿಸಿ ನೋಡಿ.